ಪೆಟ್ಟಿಗೆಯ ಬೀಗವೂ ಗಣಕಯಂತ್ರದ ಗುಪ್ತಪದವೂ

ನಮ್ಮ ಹಿರಿಯರ ಮನೆಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪೆಟ್ಟಿಗೆಯಿರುತ್ತಿದ್ದಿತು. ಯಜಮಾನರ ಪೆಟ್ಟಿಗೆಯಲ್ಲಿ ಕ್ರಯಪತ್ರ, ಕಂದಾಯದ ರಸೀತಿ, ಕೈಸಾಲದ ಚೀಟಿ. ಅಜ್ಜಿಯ ಸಂದೂಕದಲ್ಲಿ ನಾಲ್ಕಾರು ಒಡವೆ, ತವರಿನಿಂದ ಬಂದ ಹಳೆಯ ಕಾಗದ. ಹೊಸದಾಗಿ ಬಂದ ಸೊಸೆಯ ಟ್ರಂಕಿನಲ್ಲಿ ಏನಿದ್ದಿತೋ ಆಕೆಯೊಬ್ಬಳೇ ಬಲ್ಲಳು. ಒಂದೇ ಒಲೆಯ ಅನ್ನವನ್ನುಂಡು, ಒಂದೇ ಜಗುಲಿಯಲ್ಲಿ ಕುಳಿತು, ಸುಖದುಃಖಗಳನ್ನು ಹಂಚಿಕೊಂಡು ಬಾಳಿದವರೇ ಆ ಪೆಟ್ಟಿಗೆಗಳಿಗೆ ಬೀಗ ಹಾಕುತ್ತಿದ್ದರು. ಅದನ್ನು ಅಪನಂಬಿಕೆಯೆಂದು ಯಾರೂ ಎಣಿಸುತ್ತಿರಲಿಲ್ಲ.

ಆ ಪೆಟ್ಟಿಗೆಗಳೊಳಗಿನ ಪದಾರ್ಥಗಳಲ್ಲಿ ಬಹುಪಾಲು ಇಂದು ಒಂದೇ ಯಂತ್ರದೊಳಕ್ಕೆ ಬಂದು ಸೇರಿವೆ. ಕ್ರಯಪತ್ರದ ನಕಲು, ಬ್ಯಾಂಕಿನ ಲೆಕ್ಕ, ಆಧಾರ್ ಕಾರ್ಡು, ವೈದ್ಯರ ವರದಿ, ವಧೂವರರ ಭಾವಚಿತ್ರ, ಮಗಳು ಬರೆದಿಟ್ಟ ದಿನಚರಿ—ಇವೆಲ್ಲವೂ ನಡುಮನೆಯ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿ, ಫೋಲ್ಡರುಗಳೆಂಬ ಕಡತದ ಚೀಲಗಳಲ್ಲಿ ಸಾಲಾಗಿ ಕುಳಿತಿವೆ. ಯಂತ್ರ ಒಂದು, ಬಳಸುವವರು ಐದಾರು ಮಂದಿ. ಪೆಟ್ಟಿಗೆಗಳು ಹೋದರೂ ಬೀಗದ ಅವಶ್ಯಕತೆ ಹೋಗಲಿಲ್ಲ. ಈ ಬೀಗವನ್ನು ಹಾಕುವ ಬಗೆ ಹೇಗೆ, ಹಾಕಿದ ಮೇಲೆ ಕೀಲಿಕೈಯನ್ನು ಇಡುವ ಬಗೆ ಹೇಗೆ ಎಂಬ ಎರಡು ವಿಷಯಗಳನ್ನು ನಮ್ಮ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿರುವೆವು. ಎರಡರಲ್ಲಿ ಎರಡನೆಯದೇ ಮುಖ್ಯವೆಂಬುದು ನಮ್ಮ ಅಭಿಪ್ರಾಯ. ಅದೇಕೆಂಬುದು ಮುಂದೆ ತಿಳಿದುಬರುವುದು.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ನಮಗೆ ನೆಂಟರಿಷ್ಟರು ಬಹುಮಂದಿ ಇರುವರು. ಆ ಮೂರು ಊರುಗಳಲ್ಲಿ ನಾವು ಕಂಡು ಕೇಳಿದ ಮೂರು ಪ್ರಸಂಗಗಳನ್ನು ಹೇಳಿದರೆ ವಿಷಯವು ಸುಲಭವಾಗಿ ಮನಸ್ಸಿಗೆ ಹತ್ತುವುದೆಂದು ನಂಬಿದ್ದೇವೆ.

ಮೊದಲನೆಯದು ಕೊಳ್ಳೇಗಾಲದ್ದು. ರೇಷ್ಮೆಯ ಸೀರೆಗಳಿಗೆ ಹೆಸರಾದ ಆ ಊರಿನಲ್ಲಿ ನಮ್ಮ ಪರಿಚಿತರೊಬ್ಬರು ಸೀರೆಯ ವ್ಯಾಪಾರ ನಡೆಸುತ್ತಿರುವರು. ಯಾರಿಂದ ಎಷ್ಟು ಬಾಕಿ ಬರಬೇಕು, ಯಾರು ಎಷ್ಟು ಸಲ ವಾಯಿದೆ ತಪ್ಪಿಸಿದರು ಎಂಬ ಪಟ್ಟಿಯನ್ನು ಅವರು ಮನೆಯ ಕಂಪ್ಯೂಟರಿನಲ್ಲಿಯೇ ಇಟ್ಟಿದ್ದರು. ಅದು ಪರರ ಕಣ್ಣಿಗೆ ಬೀಳಬಾರದೆಂದು ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ, 'ಪ್ರಾಪರ್ಟೀಸ್' ಎಂಬುದನ್ನು ತೆರೆದು, 'ಹಿಡನ್' ಎಂಬ ಚೌಕದಲ್ಲಿ ಗುರುತು ಹಾಕಿದರು. ಫೋಲ್ಡರು ಕಾಣದಾಯಿತು, ಯಜಮಾನರು ನಿಶ್ಚಿಂತರಾದರು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಅವರ ಮಗನು ಒಂದು ದಿನ ಯಾವುದೋ ಆಟವನ್ನು ಹುಡುಕುತ್ತ, ಅಡಗಿರುವ ವಸ್ತುಗಳನ್ನೆಲ್ಲ ತೋರಿಸೆಂಬ ಗುರುತನ್ನು ಒತ್ತಿದೊಡನೆ ಪಟ್ಟಿಯು ಹೊರಬಿದ್ದಿತು. ಅದರಲ್ಲಿ ಆತನ ಸಹಪಾಠಿಯೊಬ್ಬನ ತಂದೆಯ ಹೆಸರೂ ಇದ್ದಿತು. ಮರುದಿನ ಶಾಲೆಯ ಅಂಗಳದಲ್ಲಿ ಮಾತಿಗೆ ಮಾತು ಬೆಳೆದಾಗ ಹುಡುಗನು ಆ ಸಂಗತಿಯನ್ನು ಎಲ್ಲರೆದುರಿಗೆ ಆಡಿಬಿಟ್ಟನು. ಸಂಜೆಯ ವೇಳೆಗೆ ಜಗಳವು ಬೀದಿಗೆ ಬಂದಿತು. ಇಪ್ಪತ್ತು ವರ್ಷಗಳ ಸ್ನೇಹವೊಂದು ಮುರಿಯಿತು, ಬಾಕಿಯಂತೂ ಬರಲಿಲ್ಲ.

ತಂದೆಯು ಮಗನನ್ನು ದಂಡಿಸಿದರು. ಆದರೆ ವಿಚಾರಿಸಿ ನೋಡಿದರೆ ಹುಡುಗನು ಯಾವ ಬೀಗವನ್ನೂ ಒಡೆದಿರಲಿಲ್ಲ. ಬೀಗವೇ ಇರಲಿಲ್ಲ! ಪೆಟ್ಟಿಗೆಯ ಮೇಲೆ ಒಂದು ಕಂಬಳಿಯನ್ನು ಹೊದೆಸಿದ್ದರು, ಅಷ್ಟೆ. ಮರೆಮಾಡುವುದು ಬೇರೆ, ಬೀಗ ಹಾಕುವುದು ಬೇರೆ ಎಂಬುದು ಈ ವಿದ್ಯೆಯ ಮೊದಲನೆಯ ಪಾಠ.

ಇನ್ನೊಂದು ಬಗೆಯ ಹುಸಿಬೀಗವೂ ಉಂಟು. ನಾಲ್ಕಾರು ಸಾಲಿನ ಒಂದು ಆಜ್ಞಾಪತ್ರವನ್ನು ಬರೆದಿಟ್ಟರೆ ಫೋಲ್ಡರಿಗೆ ಪಾಸ್‌ವರ್ಡು, ಎಂದರೆ ಗುಪ್ತಪದ, ಬಂದುಬಿಡುವುದೆಂದು ಕಾಲೇಜಿನ ಹುಡುಗರು ಒಬ್ಬರಿಗೊಬ್ಬರು ಕಲಿಸಿಕೊಡುವರು. ಆ ಆಜ್ಞಾಪತ್ರವು ಫೋಲ್ಡರಿನ ಹೆಸರನ್ನು ಬದಲಿಸಿ ಅದನ್ನು ಮರೆಮಾಡುವುದೇ ಹೊರತು ಮತ್ತೇನನ್ನೂ ಮಾಡದು. ಗುಪ್ತಪದವಾದರೋ ಆ ಪತ್ರದೊಳಗೇ ಬಿಚ್ಚು ಅಕ್ಷರಗಳಲ್ಲಿ ಬರೆದಿರುತ್ತದೆ. ಬೀಗ ಹಾಕಿ ಕೀಲಿಕೈಯನ್ನು ಅದೇ ಬಾಗಿಲಿಗೆ ತೂಗುಹಾಕಿದಂತಾಯಿತಲ್ಲವೇ?

ಹಾಗಾದರೆ ಕಂಪ್ಯೂಟರನ್ನು ತೆರೆಯುವಾಗಲೇ ಕೇಳುವ ಗುಪ್ತಪದವು ಸಾಲದೇ ಎಂದು ಕೆಲವರು ಕೇಳಬಹುದು. ಅದು ತಲೆಬಾಗಿಲಿನ ಬೀಗ; ಅವಶ್ಯವಾಗಿ ಇರತಕ್ಕದ್ದು. ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆಯನ್ನು ಮಾಡಿಕೊಟ್ಟು, ಒಬ್ಬೊಬ್ಬರಿಗೂ ಒಂದು ಗುಪ್ತಪದವನ್ನಿಟ್ಟರೆ, ಒಂದೇ ಯಂತ್ರದಲ್ಲಿ ಐದು ಕೋಣೆಗಳಾದಂತಾಗಿ ದಿನನಿತ್ಯದ ತೊಡಕುಗಳಲ್ಲಿ ಮುಕ್ಕಾಲು ಪಾಲು ನೀಗುವುದು. ಆದರೆ ಯಂತ್ರದ ಮೇಲ್ವಿಚಾರಕನ ಖಾತೆಯುಳ್ಳವನು ಇತರರ ಕೋಣೆಗಳಿಗೂ ಹೋಗಬಲ್ಲನು. ಅದೂ ಅಲ್ಲದೆ, ಬೇರೊಂದು ವ್ಯವಸ್ಥೆಯನ್ನು ಪೆನ್‌ಡ್ರೈವಿನಲ್ಲಿ ತಂದು ಅದರಿಂದಲೇ ಯಂತ್ರವನ್ನು ಚಾಲೂ ಮಾಡಿದರೆ, ಗೂಢಲಿಪಿಯ ರಕ್ಷಣೆಯಿಲ್ಲದ ಡಿಸ್ಕಿನಲ್ಲಿರುವುದೆಲ್ಲವೂ ತಲೆಬಾಗಿಲಿನ ಗೊಡವೆಯೇ ಇಲ್ಲದೆ ತೆರೆದುಕೊಳ್ಳುವುದು. ರಿಪೇರಿಗೆಂದು ಯಂತ್ರವನ್ನು ಪರರ ಕೈಗೆ ಕೊಡುವವರು ಇದನ್ನು ನೆನಪಿನಲ್ಲಿಡಬೇಕು.

ಗುಪ್ತಪದದ ಚರಿತ್ರೆಯೇ ಈ ಮಾತಿಗೆ ಸಾಕ್ಷಿ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ೧೯೬೦ರ ದಶಕದ ಆದಿಯಲ್ಲಿ ಒಂದೇ ದೊಡ್ಡ ಗಣಕಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದರು. ಒಬ್ಬರ ಕಡತಗಳು ಇನ್ನೊಬ್ಬರಿಗೆ ಸಿಕ್ಕದಿರಲೆಂದು ಫರ್ನಾಂಡೊ ಕೊರ್ಬಾಟೊ ಎಂಬ ವಿದ್ವಾಂಸರು ಅಲ್ಲಿ ಗುಪ್ತಪದದ ಏರ್ಪಾಟನ್ನು ತಂದರು. ೧೯೬೨ರಲ್ಲಿ ಅಲನ್ ಶೆರ್ ಎಂಬ ಸಂಶೋಧಕನು, ವಾರಕ್ಕೆ ತನಗೆ ಗೊತ್ತುಮಾಡಿದ್ದ ನಾಲ್ಕು ಗಂಟೆಗಳ ಕಾಲ ಸಾಲದೆ, ಎಲ್ಲರ ಗುಪ್ತಪದಗಳಿದ್ದ ಪಟ್ಟಿಯನ್ನೇ ಯಂತ್ರದಿಂದ ಅಚ್ಚುಹಾಕಿಸಿಕೊಂಡುಬಿಟ್ಟನು. ಬೀಗ ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ಅದನ್ನು ತಪ್ಪಿಸುವ ದಾರಿಯೂ ಹುಟ್ಟಿತು.

ನಿಜವಾದ ಬೀಗವೆಂದರೆ ಗೂಢಲಿಪಿ. ಬರಹವನ್ನು ಎಲ್ಲಿಯೋ ಅಡಗಿಸುವುದಲ್ಲ. ಬರಹವನ್ನೇ ಅರ್ಥವಾಗದ ಅಕ್ಷರರಾಶಿಯನ್ನಾಗಿ ಮಾಡಿಬಿಡುವುದು. ಗುಪ್ತಪದವನ್ನು ಕೊಟ್ಟಾಗ ಮಾತ್ರ ಆ ರಾಶಿಯು ಪುನಃ ಬರಹವಾಗುವುದು. ಡಿಸ್ಕನ್ನು ಕಿತ್ತುಕೊಂಡು ಹೋದವನಿಗೂ ದೊರೆಯುವುದು ಹೊಟ್ಟೇ ಹೊರತು ಕಾಳಲ್ಲ. ಇಂದು ಎಲ್ಲೆಡೆಯಲ್ಲಿಯೂ ಬಳಕೆಯಲ್ಲಿರುವ ಎ.ಇ.ಎಸ್. ಎಂಬ ಪದ್ಧತಿಯನ್ನು ರಚಿಸಿದವರು ಬೆಲ್ಜಿಯಂ ದೇಶದ ಯೋನ್ ಡೇಮನ್, ವಿನ್ಸೆಂಟ್ ರೈಮನ್ ಎಂಬಿಬ್ಬರು. ಅಮೆರಿಕ ಸರಕಾರವು ೨೦೦೧ರಲ್ಲಿ ಅದನ್ನು ಅಂಗೀಕರಿಸಿತು. ಅದರ ಅತಿ ದೊಡ್ಡ ಕೀಲಿಯನ್ನು ಒಂದೊಂದಾಗಿ ಪ್ರಯತ್ನಿಸಿ ಕಂಡುಹಿಡಿಯಬೇಕಾದರೆ ಇರುವ ಸಾಧ್ಯತೆಗಳ ಸಂಖ್ಯೆಯನ್ನು ಬರೆಯಲು ೭೮ ಅಂಕಿಗಳು ಬೇಕು.

ಮನೆಯವರಿಗೆ ಒದಗುವ ಉಪಾಯಗಳನ್ನು ಸಂಕ್ಷೇಪವಾಗಿ ಹೇಳುವೆವು. ವಿಂಡೋಸ್ ವ್ಯವಸ್ಥೆಯಲ್ಲಿ ಸಾಧಾರಣ ಫೋಲ್ಡರಿಗೆ ಗುಪ್ತಪದವನ್ನು ಹಾಕುವ ಗುಂಡಿಯೇ ಇಲ್ಲ. 'ಎನ್‌ಕ್ರಿಪ್ಟ್' ಎಂಬ ಒಂದು ಗುರುತು ಅದರ ವೃತ್ತಿಪರ ಆವೃತ್ತಿಗಳಲ್ಲಿರುವುದು ನಿಜ. ಆದರೆ ಅದು ನಿಮ್ಮ ಖಾತೆಗೆ ತಗಲಿಕೊಂಡ ಬೀಗ. ನಿಮ್ಮ ಖಾತೆಯು ತೆರೆದಿರುವಾಗ ಕುರ್ಚಿಯಲ್ಲಿ ಯಾರು ಕುಳಿತರೂ ಅದು ಏನನ್ನೂ ಕೇಳದೆ ತೆರೆದುಕೊಳ್ಳುವುದು. ಇಡೀ ಡಿಸ್ಕಿಗೆ ಗೂಢಲಿಪಿಯನ್ನು ಹಾಕುವ ಬಿಟ್‌ಲಾಕರ್ ಎಂಬುದೂ ಉಂಟು. ಯಂತ್ರವು ಕಳುವಾದರೆ ಅದು ಬಹಳ ಉಪಕಾರಿ. ಆದರೆ ಯಂತ್ರವು ನಡೆಯುತ್ತಿರುವಾಗ ಮನೆಯವರ ನಡುವೆ ಅದು ಅಡ್ಡಗೋಡೆಯಾಗದು.

ಒಂದು ಫೋಲ್ಡರಿಗೇ ಬೀಗ ಬೇಕೆನ್ನುವವರಿಗೆ ಎರಡು ದಾರಿಗಳಿವೆ. ಒಂದು, ಸೆವೆನ್-ಜಿಪ್ ಎಂಬ ಉಚಿತ ಸಾಧನದಿಂದ ಫೋಲ್ಡರನ್ನು ಗಂಟುಕಟ್ಟಿ ಗುಪ್ತಪದವನ್ನು ಹಾಕುವುದು. ಕಡತಗಳ ಹೆಸರುಗಳನ್ನೂ ಮುಚ್ಚೆಂಬ ಗುರುತನ್ನು ಹಾಕಲು ಮರೆಯಬಾರದು. ಗಂಟುಕಟ್ಟಿದ ಮೇಲೆ ಮೂಲದ ಫೋಲ್ಡರು ಹಾಗೆಯೇ ಉಳಿದಿರುತ್ತದೆ. ಗಂಟನ್ನು ಒಮ್ಮೆ ಬಿಚ್ಚಿ ಎಲ್ಲವೂ ಸರಿಯಾಗಿದೆಯೆಂದು ನೋಡಿಕೊಂಡು, ಆಮೇಲೆ ಮೂಲವನ್ನು ಅಳಿಸಿ ಕಸದ ಬುಟ್ಟಿಯನ್ನೂ ಬರಿದುಮಾಡಬೇಕು. ಇನ್ನೊಂದು, ೨೦೧೩ರಿಂದ ಬಳಕೆಯಲ್ಲಿರುವ ವೆರಾಕ್ರಿಪ್ಟ್ ಎಂಬ ಉಚಿತ ಸಾಧನ. ಇದು ಡಿಸ್ಕಿನೊಳಗೆ ಒಂದು ಉಕ್ಕಿನ ಪೆಟ್ಟಿಗೆಯನ್ನು ಕಟ್ಟಿಕೊಡುವುದು. ಗುಪ್ತಪದವನ್ನು ಕೊಟ್ಟರೆ ಪೆಟ್ಟಿಗೆಯು ಬೇರೊಂದು ಡ್ರೈವಿನಂತೆ ಕಾಣಿಸಿಕೊಳ್ಳುವುದು. ಕೆಲಸ ಮುಗಿಸಿ ಮುಚ್ಚಿದರೆ ಕಾಣದಾಗುವುದು. ನಿತ್ಯವೂ ತೆರೆದು ಮುಚ್ಚಬೇಕಾದ ಕಡತಗಳಿಗೆ ಇದೇ ಮೇಲು. ಒಂದೇ ಲೆಕ್ಕದ ಹಾಳೆಯನ್ನು ಕಾಪಾಡಬೇಕಾದವರಿಗೆ ವರ್ಡ್, ಎಕ್ಸೆಲ್‌ಗಳಲ್ಲಿಯೇ ಇರುವ ಗುಪ್ತಪದದ ಏರ್ಪಾಟು ಸಾಕು. ಕೊಳ್ಳೇಗಾಲದ ನಮ್ಮ ಪರಿಚಿತರು ಈಗ ಮಾಡಿಕೊಂಡಿರುವುದು ಅದನ್ನೇ.

ಎರಡನೆಯ ಪ್ರಸಂಗವು ಹನೂರಿನದು. ಮಲೆಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿರುವ ಈ ಊರು ಬಹುಕಾಲ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದು, ಇತ್ತೀಚೆಗೆ ತಾನೇ ತಾಲ್ಲೂಕಾಯಿತು. ಸುತ್ತಣ ಹಳ್ಳಿಗಳವರು ಅರ್ಜಿ ನಮೂನೆಗಳ ಕೆಲಸಕ್ಕೆ ಇಲ್ಲಿಗೇ ಬರುವರು. ನಮ್ಮ ಬಂಧುಗಳೊಬ್ಬರು ಮಗನ ವಿದ್ಯಾರ್ಥಿವೇತನದ ಅರ್ಜಿಗಾಗಿ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿದ್ದರು. ಸರದಿಗಾಗಿ ಕಾಯುತ್ತ ಪರದೆಯ ಮೇಲೆ ಕಣ್ಣಾಡಿಸಿದಾಗ, ಅಲ್ಲಿ ಬಂದುಹೋದವರ ಆಧಾರ್ ಕಾರ್ಡು, ಪಾಸ್‌ಪುಸ್ತಕ, ಜಾತಿ ಆದಾಯ ಪ್ರಮಾಣಪತ್ರಗಳೆಲ್ಲ ಹೆಸರು ಸಹಿತ ಸಾಲಾಗಿ ಬಿದ್ದಿದ್ದುವು. ಅವುಗಳ ನಡುವೆ ಹೋದ ವರ್ಷ ತಾವೇ ಕೊಟ್ಟಿದ್ದ ಕಾಗದಗಳೂ ಇದ್ದುವು. ಅಂಗಡಿಯಾತನಲ್ಲಿ ದುರುದ್ದೇಶವೇನೂ ಇರಲಿಲ್ಲ. ಅಳಿಸುವ ಅಭ್ಯಾಸವಿರಲಿಲ್ಲ, ಅಷ್ಟೆ. ಆದರೆ ನಾಳೆ ಆ ಯಂತ್ರವು ಯಾರ ಕೈಗೆ ಹೋಗುವುದೋ ಬಲ್ಲವರಾರು?

ಪರರ ಯಂತ್ರಕ್ಕೆ ನಾವು ಬೀಗ ಹಾಕಲಾರೆವು. ಆದಕಾರಣ ಕಾಗದಗಳನ್ನು ಸ್ವಂತ ಪೆನ್‌ಡ್ರೈವಿನಲ್ಲಿ ಒಯ್ಯುವುದು, ಆ ದಿನದ ಕೆಲಸಕ್ಕೆ ಬೇಕಾದುದನ್ನು ಮಾತ್ರ ಒಯ್ಯುವುದು, ಕೆಲಸ ಮುಗಿದೊಡನೆ ನಕಲನ್ನು ಕಸದ ಬುಟ್ಟಿಯಿಂದಲೂ ಕಣ್ಣೆದುರಿನಲ್ಲಿಯೇ ಅಳಿಸಿಸುವುದು—ಇಷ್ಟನ್ನು ಸಂಕೋಚವಿಲ್ಲದೆ ಮಾಡಬೇಕು. ನಮ್ಮ ಬಂಧುಗಳು ವಿನಯದಿಂದ ಕೇಳಿದಾಗ ಅಂಗಡಿಯಾತನು ಬೇಸರಪಡದೆ ಅಳಿಸಿಕೊಟ್ಟನೆಂಬುದನ್ನೂ ಇಲ್ಲಿ ಹೇಳಬೇಕು.

ಇನ್ನು ಗುಪ್ತಪದದ ವಿಚಾರ. ಬೀಗವು ಎಷ್ಟು ಗಟ್ಟಿಯಾಗಿದ್ದರೂ ಕೀಲಿಯು ಊಹೆಗೆ ನಿಲುಕುವಂತಿದ್ದರೆ ಫಲವಿಲ್ಲ. ಈ ಸೀಮೆಯಲ್ಲಿ ಮಾದಪ್ಪನ ಹೆಸರನ್ನೂ ಬಿಳಿಗಿರಿರಂಗನ ಹೆಸರನ್ನೂ ಊಹಿಸಲಾರದವನು ಯಾರು? ಮಕ್ಕಳ ಜನ್ಮದಿನವನ್ನು ಇಡುವವರು ಇನ್ನೊಂದು ಲೆಕ್ಕವನ್ನು ನೋಡಬೇಕು. ನೂರು ವರ್ಷಗಳಲ್ಲಿ ಇರುವುದು ಸುಮಾರು ೩೬,೫೨೫ ದಿನಗಳು ಮಾತ್ರ. ಅಷ್ಟನ್ನು ಪರೀಕ್ಷಿಸಿ ಮುಗಿಸಲು ಯಂತ್ರಕ್ಕೆ ಹೆಚ್ಚು ಹೊತ್ತು ಬೇಕಾಗದು. ದೊಡ್ಡಕ್ಷರ, ಅಂಕಿ, ಚಿಹ್ನೆಗಳನ್ನು ಕಲಸಿ ಪದೇ ಪದೇ ಬದಲಿಸಬೇಕೆಂದು ೨೦೦೩ರಲ್ಲಿ ಅಮೆರಿಕದ ಬಿಲ್ ಬರ್ ಎಂಬ ಅಧಿಕಾರಿಗಳು ಬರೆದ ಸೂತ್ರವು ಲೋಕವೆಲ್ಲ ಹರಡಿತ್ತು. ೨೦೧೭ರಲ್ಲಿ ಅವರೇ ಅದಕ್ಕಾಗಿ ವಿಷಾದಪಟ್ಟರು; ಅದೇ ವರ್ಷ ಅಲ್ಲಿಯ ಸಂಸ್ಥೆಯೂ ತನ್ನ ಸೂತ್ರವನ್ನು ತಿದ್ದಿಕೊಂಡಿತು. ತೊಡಕಿಗಿಂತ ಉದ್ದವೇ ಮುಖ್ಯವೆಂಬುದು ಈಗಿನ ಮತ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳು—ಒನಕೆ, ಹುಣಿಸೆ, ಗೋಪುರ, ಕಂಬಳಿ, ನವಿಲು, ಜರಡಿ ಎಂಬಂತೆ—ನೆನಪಿಗೂ ಸುಲಭ, ಊಹೆಗೂ ದುರ್ಲಭ. ೭,೭೭೬ ಪದಗಳ ಪಟ್ಟಿಯಿಂದ ದಾಳ ಹಾಕಿ ಆರು ಪದಗಳನ್ನು ಆರಿಸಿದರೆ ಸಾಧ್ಯತೆಗಳ ಸಂಖ್ಯೆಯು ೨೪ ಅಂಕಿಗಳಷ್ಟಾಗುವುದು. ಗಾದೆಯನ್ನಾಗಲಿ ಪದ್ಯದ ಸಾಲನ್ನಾಗಲಿ ಇಡಬಾರದು. ಅವು ಎಲ್ಲರಿಗೂ ತಿಳಿದಿರತಕ್ಕವು. ನಾವು ಮೇಲೆ ಕೊಟ್ಟ ಉದಾಹರಣೆಯೂ ಇನ್ನು ಯಾರಿಗೂ ಪ್ರಯೋಜನವಿಲ್ಲ.

ಮೂರನೆಯ ಪ್ರಸಂಗವನ್ನು ಬರೆಯಲು ನಮಗೆ ಮನಸ್ಸು ಭಾರವಾಗುತ್ತದೆ. ಇದು ಯಳಂದೂರಿನದು. ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ, ಸುವರ್ಣಾವತಿಯ ದಡದ ಆ ಊರಿನಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದರು. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಸುತ್ತಿ, ಮುದುಕಿಯರ ಬಾಯಿಂದ ಸೋಬಾನೆಯ ಪದಗಳನ್ನು ಕೇಳಿ ಬರೆದುಕೊಳ್ಳುವುದು ಅವರ ಜೀವನದ ಸಂತೋಷವಾಗಿದ್ದಿತು. ಮೂವತ್ತು ವರ್ಷಗಳ ಆ ಬರಹವನ್ನೆಲ್ಲ ಕಂಪ್ಯೂಟರಿಗೆ ಏರಿಸಿದರು. ಗೆದ್ದಲು ಹಿಡಿದ ಪುಸ್ತಕಗಳನ್ನು ಸುಟ್ಟರು. ವಿಮೆಯ ಕಾಗದಗಳನ್ನೂ, ಕೈಸಾಲ ಕೊಟ್ಟವರ ಹೆಸರುಗಳನ್ನೂ ಅಲ್ಲಿಯೇ ಸೇರಿಸಿ, ಎಲ್ಲಕ್ಕೂ ನಿಜವಾದ, ಗಟ್ಟಿಯಾದ ಗೂಢಲಿಪಿಯ ಬೀಗವನ್ನು ಹಾಕಿದರು. ಕೊಳ್ಳೇಗಾಲದವರು ಮಾಡಿದ ತಪ್ಪನ್ನು ಅವರು ಮಾಡಲಿಲ್ಲ. ಒಂದು ರಾತ್ರಿ ಎದೆನೋವು ಬಂದಿತು, ಬೆಳಗಾಗುವಷ್ಟರಲ್ಲಿ ಅವರಿರಲಿಲ್ಲ.

ತಿಥಿಕರ್ಮಗಳು ಮುಗಿದ ಮೇಲೆ ಮಕ್ಕಳು ಯಂತ್ರದ ಮುಂದೆ ಕುಳಿತರು. ಮನೆದೇವರ ಹೆಸರು, ಮೊಮ್ಮಕ್ಕಳ ಹೆಸರು, ಮದುವೆಯ ತಾರೀಖು, ಊರಿನ ಹೆಸರು—ಎಲ್ಲವನ್ನೂ ಕೊಟ್ಟು ನೋಡಿದರು. ಮೈಸೂರಿಗೆ ಒಯ್ದು ತಿಳಿದವರಿಗೆ ತೋರಿಸಿದರು. ಗುಪ್ತಪದವಿಲ್ಲದೆ ಇದನ್ನು ತೆರೆಯಲು ಯಾರಿಂದಲೂ ಆಗದೆಂದು ಅವರು ಹೇಳಿ ಕಳುಹಿಸಿದರು. ವಿಮೆಯ ಹಣವು ಅಲೆದಾಡಿದ ಮೇಲೆ ಬಂದಿತು. ಹಾಡುಗಳು ಬರಲಿಲ್ಲ, ಹಾಡಿದ ಮುದುಕಿಯರಲ್ಲಿ ಬಹುಮಂದಿ ಈಗ ಬದುಕಿಲ್ಲ. ಆ ತಾಯಿ ನಮ್ಮೊಡನೆ ಆಡಿದ ಮಾತು ಇಂದಿಗೂ ಕಿವಿಯಲ್ಲಿದೆ: "ಅವರು ನನ್ನಿಂದ ಏನನ್ನೂ ಮುಚ್ಚಿಟ್ಟವರಲ್ಲಪ್ಪ. ಹೇಳೋದಕ್ಕೆ ಹೊತ್ತಾಗಲಿಲ್ಲ, ಅಷ್ಟೇ."

ದೊಡ್ಡ ದೊಡ್ಡ ಸಂಸ್ಥೆಗಳು ಕೂಡ ಇದೇ ಭಯಕ್ಕೆ ತಲೆಬಾಗಿದುದುಂಟು. ೨೦೦೬ರ ಜುಲೈ ತಿಂಗಳಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು 'ಪ್ರೈವೇಟ್ ಫೋಲ್ಡರ್' ಎಂಬ ಉಚಿತ ಸಾಧನವನ್ನು ವಿಂಡೋಸ್ ಬಳಕೆದಾರರಿಗೆ ಕೊಟ್ಟಿತು. ಒಂದು ಫೋಲ್ಡರು, ಅದಕ್ಕೊಂದು ಗುಪ್ತಪದ. ಜನರು ಬಯಸಿದುದು ಅದನ್ನೇ. ಆದರೆ ನೌಕರರು ಗುಪ್ತಪದವನ್ನು ಮರೆತರೆ ಕಚೇರಿಯ ಕಡತಗಳ ಗತಿಯೇನೆಂದು ಯಂತ್ರಗಳ ಮೇಲ್ವಿಚಾರಕರು ಕೂಗೆಬ್ಬಿಸಿದರು. ಕೆಲವೇ ದಿನಗಳಲ್ಲಿ ಸಂಸ್ಥೆಯು ಆ ಸಾಧನವನ್ನು ಹಿಂತೆಗೆದುಕೊಂಡಿತು. ಕಳ್ಳನ ಭಯಕ್ಕಿಂತ ಮರೆವಿನ ಭಯವೇ ದೊಡ್ಡದೆಂದು ಅಂದು ತೋರಿಬಂದಿತು.

ಆದುದರಿಂದ ಕೀಲಿಕೈಯನ್ನು ಇಡುವ ಕ್ರಮವನ್ನು ಬೀಗ ಹಾಕುವ ದಿನವೇ ಗೊತ್ತುಮಾಡಬೇಕು. ಗುಪ್ತಪದವನ್ನು ಕಾಗದದ ಮೇಲೆ ಸ್ಪಷ್ಟವಾಗಿ ಬರೆದು, ಯಾವ ಯಂತ್ರದ ಯಾವ ಫೋಲ್ಡರಿನದೆಂಬುದನ್ನೂ ಯಾವ ಸಾಧನದಿಂದ ತೆರೆಯಬೇಕೆಂಬುದನ್ನೂ ಸೇರಿಸಿ, ಲಕೋಟೆಯಲ್ಲಿಟ್ಟು ಅಂಟಿಸಿ, ಅಂಟಿನ ಮೇಲೆ ಸಹಿಮಾಡಿ, ಬೀರುವಿನಲ್ಲಾಗಲಿ ಬ್ಯಾಂಕಿನ ಲಾಕರಿನಲ್ಲಾಗಲಿ ಇಡಬೇಕು. ಬಿಟ್‌ಲಾಕರ್ ಬಳಸುವವರು ಅದು ಕೊಡುವ ೪೮ ಅಂಕಿಗಳ ಪುನಃಪ್ರಾಪ್ತಿಯ ಕೀಲಿಯನ್ನೂ ಅಲ್ಲಿಯೇ ಇಡತಕ್ಕದ್ದು. ಲಕೋಟೆಯಲ್ಲಿ ಏನಿದೆಯೆಂದು ಹೇಳಬೇಕಾಗಿಲ್ಲ. ಲಕೋಟೆಯು ಎಲ್ಲಿದೆಯೆಂದು ನಂಬುಗೆಯ ಒಬ್ಬರಿಗೆ ಹೇಳಿರಬೇಕು. ಮಲೆಮಹದೇಶ್ವರ ಬೆಟ್ಟದಲ್ಲಿ ಹುಂಡಿಯನ್ನು ಹಲವರ ಸಮಕ್ಷಮದಲ್ಲಿ ತೆರೆದು ಎಣಿಸುವುದನ್ನು ಎಲ್ಲರೂ ಬಲ್ಲರು. ಹಾಗೆಯೇ, ಒಡೆಯನಿಗೆ ಆಪತ್ತು ಬಂದಾಗ ಮಾತ್ರ, ಮನೆಯವರೆಲ್ಲರ ಎದುರಿನಲ್ಲಿ ಲಕೋಟೆಯನ್ನು ಒಡೆಯುವುದೆಂದು ಕಟ್ಟುಮಾಡಿಕೊಂಡರೆ ಗುಟ್ಟೂ ಉಳಿಯುವುದು, ಸೊತ್ತೂ ಉಳಿಯುವುದು.

ಇನ್ನೊಂದು ಮಾತು. ಬೀಗವು ಕಳ್ಳನನ್ನು ತಡೆಯುವುದೇ ಹೊರತು ಯಂತ್ರದ ಸಾವನ್ನು ತಡೆಯದು. ಡಿಸ್ಕು ಕೆಟ್ಟರೆ ಬೀಗ ಹಾಕಿದ ಫೋಲ್ಡರೂ ಅದರೊಡನೆ ಹೋಗುವುದು. ಆದಕಾರಣ ಬೀಗ ಹಾಕಿದ ಕಡತದ ಇನ್ನೊಂದು ಪ್ರತಿಯು ಬೇರೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೊಂದು ಮನೆಯಲ್ಲಿ ಇರಬೇಕು. ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮವಿಡುವ ರೂಢಿ ಬಹಳ ಮನೆಗಳಲ್ಲಿದೆ. ಪೂಜೆಗೆ ಮುಂಚೆ ಆ ಪ್ರತಿಯು ತೆರೆಯುವುದೋ, ಲಕೋಟೆಯಲ್ಲಿರುವ ಗುಪ್ತಪದವು ಈಗಿನದೇ ಅಹುದೋ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಕಡೆಯದಾಗಿ, ಮನೆಯೊಳಗೆ ಈ ಗುಟ್ಟೆಲ್ಲ ಏತಕ್ಕೆ ಎಂದು ಕೇಳುವ ಹಿರಿಯರಿಗೆ ಒಂದು ವಿಜ್ಞಾಪನೆ. ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ವರ್ಷಗಳನ್ನು ದಾಟಿದ ವಯಸ್ಸಿನಲ್ಲಿ, ೨೦೧೨ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ಮೊಕದ್ದಮೆಯಲ್ಲಿಯೇ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಏಕಕಂಠದಿಂದ, ಖಾಸಗಿತನವು ಮನುಷ್ಯನ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಸರಕಾರದ ಮುಂದೆ ಪ್ರಜೆಗಿರುವ ಮರ್ಯಾದೆಯಲ್ಲಿ ಸ್ವಲ್ಪವನ್ನಾದರೂ ತಂದೆತಾಯಿಗಳು ಬೆಳೆದ ಮಕ್ಕಳಿಗೆ, ಪತಿಯು ಪತ್ನಿಗೆ, ಅತ್ತೆಯು ಸೊಸೆಗೆ ಕೊಡಬಾರದೇ? ಎಳೆಯ ಮಕ್ಕಳ ವಿಚಾರ ಬೇರೆ. ಅವರು ಯಂತ್ರದಲ್ಲಿ ಏನು ಮಾಡುವರೆಂದು ಹಿರಿಯರು ತಿಳಿದಿರಲೇಬೇಕು. ಆದರೆ ಕಾಲೇಜು ಸೇರಿದ ಮಗಳ ದಿನಚರಿಯನ್ನು ಓದಿ ತಿಳಿಯುವುದಕ್ಕಿಂತ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ತಿಳಿಯುವುದು ಮೇಲು.

ಯಳಂದೂರಿನ ಆ ತಾಯಿ ಯಂತ್ರವನ್ನು ಮಾರಲು ಇಂದಿಗೂ ಒಪ್ಪಿಲ್ಲ. ಅದರ ಮೇಲೆ ಒಂದು ಬಿಳಿಯ ವಸ್ತ್ರವನ್ನು ಹೊದೆಸಿ ಇಟ್ಟಿದ್ದಾರೆ. ತಮ್ಮ ಮೊಬೈಲಿನ ಗುಪ್ತಪದವನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು, ಮಡಿಸಿ, ಅಕ್ಕಿಯ ಡಬ್ಬಿಯ ತಳದಲ್ಲಿಟ್ಟು, ಆ ಸ್ಥಳವನ್ನು ಮಗಳಿಗೆ ಹೇಳಿದ್ದಾರೆ. ಈ ಸಂಚಿಕೆಯನ್ನು ಕೆಳಗಿಡುವ ಮೊದಲು ನಮ್ಮ ವಾಚಕರೂ ಅಷ್ಟನ್ನು ಮಾಡಿದರೆ ನಮ್ಮ ಶ್ರಮವು ಸಾರ್ಥಕವಾಯಿತೆಂದು ತಿಳಿಯುವೆವು.